ಗುಂಪೆ ಮಾಷ್ಟ್ರು ಮತ್ತು ನಮ್ಮ ಫಾರಿನ್ ಟೂರು

ಕಾಸರಗೋಡಲ್ಲಿ ಫಾರಿನ್ ಅಂದ್ರೆ ಗಲ್ಫ್, ಅದರಲ್ಲಿ ಎರಡು ಮಾತಿಲ್ಲ. ಪಾಸ್‌ಪೋರ್ಟ್ ಇಲ್ಲದ ಮನೆ ಹುಡುಕುದೇ ಕಷ್ಟ. ಹಾಗಾಗಿ ನಮ್ಮ ಕನ್ನಡ ಮೀಡಿಯಂ ಶಾಲೆಯ ಸೋಷಿಯಲ್ ಮಾಷ್ಟ್ರು ಎಂಟು, ಒಂಬತ್ತನೇ ಕ್ಲಾಸಿನ ಮಕ್ಕಳನ್ನ ನೇಪಾಳಕ್ಕೆ ಕರ್ಕೊಂಡು ಹೋಗ್ತಾರಂತೆ ಅಂತ ಸುದ್ದಿ ಆದಾಗ ಅಂಗಡಿ ಜಗಲಿಯಲ್ಲಿ ಕೂತವರು ಕೇಳಿದ ಮೊದಲ ಪ್ರಶ್ನೆ, "ಅಲ್ಲಿ ಕೆಲಸ ಎಂತ ಸಿಗ್ತದೆ?" ನೇಪಾಳದವರೇ ಕೆಲಸ ಹುಡುಕಿಕೊಂಡು ನಮ್ಮಲ್ಲಿಗೆ ಬರ್ತಾರೆ, ನೀವು ಅಲ್ಲಿಗೆ ಹೋಗಿ ಎಂತ ಮಾಡ್ತೀರಿ ಅಂತ ಇನ್ನೊಬ್ರು. ಮಾಷ್ಟ್ರು ನಕ್ಕು, "ನಡಿಲಿಕ್ಕೆ ಹೋಗುದು" ಅಂದ್ರಂತೆ. ನಡಿಲಿಕ್ಕೆ ಅಲ್ಲಿವರೆಗೆ ಯಾಕೆ, ಇಲ್ಲಿ ದಾರಿ ಇಲ್ವಾ ಅಂತ ಜಗಲಿಯಲ್ಲಿ ಒಂದು ವಾರ ಅದೇ ಚರ್ಚೆ.

ಅವರ ಹೆಸರು ಹಾಕುದಿಲ್ಲ, ಹಾಕಿದ್ರೆ ನನಗೆ ಫೋನ್ ಮಾಡಿ ಬೈತಾರೆ. ನಾವು ಗುಂಪೆ ಮಾಷ್ಟ್ರು ಅಂತ ಕರಿತಿದ್ದದ್ದು, ಯಾಕಂದ್ರೆ ಶನಿವಾರ ಬಂದ್ರೆ ಸಾಕು ಮಕ್ಕಳನ್ನ ಪೊಸಡಿಗುಂಪೆಗೆ ಹತ್ತಿಸುದೇ ಅವರ ಕೆಲಸ. ಪೊಸಡಿಗುಂಪೆ ಗೊತ್ತಿಲ್ಲದವರಿಗೆ ಹೇಳ್ತೇನೆ, ನಮ್ಮ ಪೈವಳಿಕೆ ಧರ್ಮತ್ತಡ್ಕ ಕಡೆಯ ಗುಡ್ಡೆ, ಮೇಲೆ ನಿಂತ್ರೆ ಪಡುವಣಕ್ಕೆ ಸಮುದ್ರ ಕಾಣ್ತದೆ, ಮೂಡಣಕ್ಕೆ ಆಕಾಶ ಚೊಕ್ಕ ಇದ್ರೆ ಕುದುರೆಮುಖದ ಸಾಲು. ಈಗ ರೀಲ್ಸ್ ಮಾಡುವವರ ಜಾತ್ರೆ ಅಲ್ಲಿ, ಆಗ ದನ ಮೇಯಿಸುವವರು ಬಿಟ್ರೆ ನಾವೇ.

ಈಗ ಇದೆಲ್ಲ ಯಾಕೆ ಬರೀತಿದ್ದೇನೆ ಅಂದ್ರೆ ಒಂದು ವಿಷಯ ಗಂಟಲಲ್ಲಿ ಸಿಕ್ಕಿಕೊಂಡು ಉಂಟು. ಈಗ ದೊಡ್ಡ ದೊಡ್ಡ ಶಾಲೆಗಳಲ್ಲಿ ಫಾರಿನ್ ಟೂರು ಮಾಮೂಲು, ಸಿಂಗಾಪುರ, ದುಬೈ, ಬ್ರೋಶರಲ್ಲಿ "ಎಜುಕೇಶನಲ್" ಅಂತ ಬರ್ದಿರ್ತಾರೆ, ಒಳಗೆ ನೋಡಿದ್ರೆ ಯೂನಿವರ್ಸಲ್ ಸ್ಟುಡಿಯೋಸ್, ಶಾಪಿಂಗ್, ಇಂಡಿಯನ್ ಊಟ ಗ್ಯಾರಂಟಿ. ಮಕ್ಕಳು ಸುತ್ತಲಿ, ಖುಷಿ ಪಡಲಿ, ನನಗೆ ಹೊಟ್ಟೆಕಿಚ್ಚಿಲ್ಲ. ಆದ್ರೆ ಅದನ್ನು ತೋರಿಸಿ "ನೋಡಿ, ನಮ್ಮ ಕಾಲದ ಮಾಷ್ಟ್ರುಗಳಿಗೆ ಇಂಥ ಐಡಿಯಾ ಇರ್ಲಿಲ್ಲ" ಅಂತ ಯಾರಾದ್ರೂ ಹೇಳಿದ್ರೆ ಮಾತ್ರ ನಾನು ಸುಮ್ಮನಿರುದಿಲ್ಲ. ಐಡಿಯಾ ಇತ್ತು ಮಾರಾಯ್ರೆ. ನಮ್ಮ ಮಾಷ್ಟ್ರ ಟೂರಲ್ಲಿ ಗಡಿ ದಾಟಿದ್ದು ಕಡೆಗೆ ಆದ ಕೆಲಸ, ಅದಕ್ಕಿಂತ ಮೊದಲು ಒಂದು ವರ್ಷ ಪೂರ್ತಿ ಊರಲ್ಲೇ ನಡೆದದ್ದು ಇತ್ತಲ್ಲ, ನಿಜವಾದ ಪಾಠ ಅದು. ಆ ಒಂದು ವರ್ಷವನ್ನು ಯಾವ ಟ್ರಾವೆಲ್ಸಿನವರೂ ಪ್ಯಾಕೇಜಿಗೆ ಹಾಕಿ ಕೊಡ್ಲಿಕ್ಕೆ ಆಗುದಿಲ್ಲ.

ಜೂನಲ್ಲಿ ಶಾಲೆ ಶುರು ಆದ ಕೂಡಲೇ ಹೆಸರು ಕೊಡ್ಬೇಕು. ಹೆಸರು ಕೊಟ್ಟವರು ಸಂಚಯಿಕಾದಲ್ಲಿ, ಅಂದ್ರೆ ಶಾಲೆಯ ಉಳಿತಾಯ ಖಾತೆಯಲ್ಲಿ, ವಾರ ವಾರ ದುಡ್ಡು ಹಾಕ್ಬೇಕು, ಎಷ್ಟಾದ್ರೂ ಆಗ್ತದೆ, ಆದ್ರೆ ಅಪ್ಪನ ಕೈಯಿಂದ ಒಟ್ಟಿಗೆ ತಂದು ಕೊಟ್ಟ ದುಡ್ಡು ತಗೊಳ್ಳುದಿಲ್ಲ ಅಂತ ಮಾಷ್ಟ್ರ ಕಾನೂನು. ತೋಟ ಇದ್ದವರು ರಜೆಯಲ್ಲಿ ಅಡಿಕೆ ಹೆಕ್ಕಿ ಕೂಲಿ ಕೇಳಿ, ತೋಟ ಇಲ್ಲದವರು ಗೇರುಬೀಜ ಹೆಕ್ಕಿ ಮಾರಿ. ಫೆಬ್ರವರಿ ಮಾರ್ಚಲ್ಲಿ ಶಾಲೆಯ ಹಿಂದಿನ ಗುಡ್ಡೆಯ ಗೇರುಮರಗಳ ಬೀಜ ಪೂರ್ತಿ ಟೂರ್ ಫಂಡಿಗೆ. ಗಲ್ಫಲ್ಲಿ ಅಪ್ಪ ಇದ್ದ ಹುಡುಗನೂ ನಮ್ಮೊಟ್ಟಿಗೆ ಕೈಯೆಲ್ಲ ಸೊನೆ ಮಾಡ್ಕೊಂಡು ಬೀಜ ಹೆಕ್ಕಿದ್ದಾನೆ, ಅವನ ಅಮ್ಮನಿಗೆ ಅದು ದೊಡ್ಡ ಅವಮಾನ ಆಗಿ ಶಾಲೆಗೆ ಬಂದು ಜಗಳ ಮಾಡಿ ಹೋದದ್ದೂ ಉಂಟು. ಟ್ರೈನಿಗೆ ಶಾಲೆ ಮಕ್ಕಳಿಗೆ ಅರ್ಧ ಚಾರ್ಜು ಕನ್ಸೆಷನ್, ಅದರ ಫಾರಂ ತುಂಬಿಸಿದ್ದು ಕೂಡ ನಾವೇ, ಮಾಷ್ಟ್ರು ಬರೀ ಸೈನ್ ಹಾಕಿಸಿಕೊಂಡು ಬಂದದ್ದು.

ಇನ್ನು ಮ್ಯಾಪು. ಪುಸ್ತಕದಲ್ಲಿ ಸಮೋನ್ನತಿ ರೇಖೆ, ಅಂದ್ರೆ ಒಂದೇ ಎತ್ತರದ ಜಾಗಗಳನ್ನ ಕೂಡಿಸುವ ಗೆರೆ, ಅಂತ ಒಂದು ಪಾಠ ಬರ್ತದೆ, ಎಲ್ಲರೂ ಬಾಯಿಪಾಠ ಮಾಡಿ ಎರಡು ಮಾರ್ಕು ತಗೊಂಡು ಮರೆತುಬಿಡುವಂಥದ್ದು. ಮಾಷ್ಟ್ರು ಒಬ್ಬ ಮೇಸ್ತ್ರಿಯನ್ನ ಕರ್ಕೊಂಡು ಬಂದ್ರು. ಮನೆ ಕಟ್ಟುವಾಗ ಲೆವೆಲ್ ನೋಡ್ಲಿಕ್ಕೆ ನೀರು ತುಂಬಿಸಿದ ಪಾರದರ್ಶಕ ಪೈಪು ಇರ್ತದಲ್ಲ, ಅದನ್ನು ಹಿಡ್ಕೊಂಡು ಆ ತುದಿಯಲ್ಲಿ ಒಬ್ಬ ಈ ತುದಿಯಲ್ಲಿ ಒಬ್ಬ, ನೀರು ಎರಡೂ ಕಡೆ ಒಂದೇ ಮಟ್ಟಕ್ಕೆ ನಿಂತಲ್ಲಿ ಸುಣ್ಣದ ಗುರ್ತು. ಹಾಗೆ ಶಾಲೆಯ ಹಿಂದಿನ ಮುರಕಲ್ಲಿನ ಗುಡ್ಡೆಗೆ ಸುತ್ತ ಸುಣ್ಣದ ಗೆರೆ ಎಳೆದೆವು, ಅದರ ಮೇಲೆ ಇನ್ನೊಂದು, ಇನ್ನೊಂದು. ಕಡಿದಾದಲ್ಲಿ ಗೆರೆಗಳು ಹತ್ತಿರ ಬಂದವು, ಚಪ್ಪಟೆ ಇದ್ದಲ್ಲಿ ದೂರ ಹೋದವು. ಆವತ್ತಿಂದ ಇವತ್ತಿನವರೆಗೆ ನಾನು ಯಾವ ಮ್ಯಾಪ್ ನೋಡಿದ್ರೂ ಕಾಲಿಗೆ ನೋವು ಎಲ್ಲಿ ಬರ್ತದೆ ಅಂತ ಹೇಳ್ತೇನೆ. ನೀರಿಗಾಗಿ ಗುಡ್ಡೆಯ ಒಳಗೆ ಅಡ್ಡಕ್ಕೆ ಸುರಂಗ ತೋಡುವವರ ಮನೆಯ ಹುಡುಗನೊಬ್ಬ ನಮ್ಮ ಕ್ಲಾಸಲ್ಲಿದ್ದ, ಓದುದರಲ್ಲಿ ಹಿಂದೆ. ಮುರಕಲ್ಲು ಎಲ್ಲಿ ಮುಗೀತದೆ, ಜೇಡಿ ಎಲ್ಲಿ ಶುರು ಆಗ್ತದೆ, ನೀರು ಯಾಕೆ ಅಲ್ಲೇ ಜಿನುಗ್ತದೆ ಅಂತ ಅವ ಅವರ ತೋಟದ ಸುರಂಗದ ಒಳಗೆ ನಿಂತು ನಮಗೆ ಪಾಠ ಮಾಡಿದ, ಮಾಷ್ಟ್ರು ಹಿಂದೆ ಟಾರ್ಚ್ ಹಿಡ್ಕೊಂಡು ನಿಂತಿದ್ರು. ಅದಾದ ಮೇಲೆ ಅವನನ್ನ ದಡ್ಡ ಅಂತ ಕರಿಲಿಕ್ಕೆ ಯಾರಿಗೂ ಬಾಯಿ ಬರ್ಲಿಲ್ಲ.

ನೇಪಾಳಿ ಕಲಿಸಿದ್ದು ಯಾರು ಗೊತ್ತುಂಟಾ? ಪೇಟೆಯಲ್ಲಿ ರಾತ್ರಿ ವಿಸಿಲ್ ಊದಿಕೊಂಡು ಸುತ್ತುವ ಗೂರ್ಖ. ತಿಂಗಳ ಮೊದಲ ವಾರ ಅಂಗಡಿಗಳಿಂದ ಐದು, ಹತ್ತು ರೂಪಾಯಿ ತಗೊಂಡು ಹೋಗ್ತಿದ್ದ ಜನ, ಅವರನ್ನ ಮಾಷ್ಟ್ರು ಶಾಲೆಗೆ ಕರೆಸಿ, ಹೆಡ್‌ಮಾಷ್ಟ್ರ ರೂಮಿನ ಕುರ್ಚಿ ತರಿಸಿ ಕೂರಿಸಿ, "ಇವತ್ತಿಂದ ಇವರು ನಿಮಗೆ ಸರ್" ಅಂದ್ರು. ದಾಯಿ ಅಂದ್ರೆ ಅಣ್ಣ, ದಿದಿ ಅಂದ್ರೆ ಅಕ್ಕ, ಪಾನಿ ನೀರು, ಭಾತ್ ಅನ್ನ, ಕತಿ ಹೋ ಅಂದ್ರೆ ಎಷ್ಟು, ಬಿಸ್ತಾರೈ ಅಂದ್ರೆ ನಿಧಾನ. ಒಂದರಿಂದ ನೂರು ಎಣಿಸ್ಲಿಕ್ಕೆ. ಅವರ ಊರು ಬಾಗ್ಲುಂಗ್ ಕಡೆ, ಎಷ್ಟೋ ವರ್ಷದಿಂದ ಹೋಗಿರ್ಲಿಲ್ಲ. ಅವರ ಅಮ್ಮನಿಗೆ ಒಂದು ಸೀರೆ, ಒಂದು ಪೊಟ್ಟಣ ಗೇರುಬೀಜ ನಮ್ಮ ಕೈಲಿ ಕಳಿಸಿದ್ರು. ಅದನ್ನ ತಲುಪಿಸುದು ಒಂದು ಡ್ಯೂಟಿ ಅಂತ ಮಾಷ್ಟ್ರು ಲಿಸ್ಟಲ್ಲಿ ಬರೆದುಕೊಂಡ್ರು, ನಮ್ಮ ನಡೆಯುವ ದಾರಿ ಬೇನಿ ಅನ್ನುವ ಊರಲ್ಲಿ ಮುಗಿಯುದು, ಅಲ್ಲಿಂದ ಬಾಗ್ಲುಂಗ್ ಹತ್ತಿರ, ತಲುಪಿಸಿಯೇ ಬಂದೆವು.

ನಮ್ಮ ಬ್ಯಾಚಿನದ್ದು 2000ದ ಎಪ್ರಿಲ್. ಸರಿಯಾಗಿ ನೆನಪಿರ್ಲಿಕ್ಕೆ ಕಾರಣ ಉಂಟು, 1999ರ ಡಿಸೆಂಬರ್ 24ಕ್ಕೆ ಕಾಠ್ಮಂಡುವಿಂದ ಹೊರಟ ಇಂಡಿಯನ್ ಏರ್‌ಲೈನ್ಸ್ ವಿಮಾನ ಹೈಜಾಕ್ ಆಗಿ ಕಂದಹಾರಕ್ಕೆ ಹೋದದ್ದು, ಟಿವಿಯಲ್ಲಿ ಒಂದು ವಾರ ಅದೇ. ಜನವರಿಯಲ್ಲಿ ಪೇರೆಂಟ್ಸ್ ಮೀಟಿಂಗ್ ಅಂದ್ರೆ ಯುದ್ಧ. ಮಾಷ್ಟ್ರು ಎದ್ದು ನಿಂತು, ನಾವು ವಿಮಾನದಲ್ಲಿ ಹೋಗುದೇ ಇಲ್ಲವಲ್ಲ ಅಂದ್ರು. ಕೆಲವರು ನಕ್ಕರು, ಕೆಲವರು ಹೆಸರು ವಾಪಸ್ ತಗೊಂಡ್ರು. ಹುಡುಗಿಯರ ವಿಷಯ ಬಂದಾಗ ನಗೆ ನಿಂತಿತು. ಹಿಂದಿ ಟೀಚರ್ ತಾನು ಬರ್ತೇನೆ ಅಂತ ಕೈ ಎತ್ತದಿದ್ರೆ ನಾನು ಇದನ್ನ ಬರೀಲಿಕ್ಕೆ ಇರ್ತಿರ್ಲಿಲ್ಲ, ಎಲ್ಲರೂ ಮಾಷ್ಟ್ರನ್ನ ಹೊಗಳುವಾಗ ಆ ಟೀಚರನ್ನ ಮರೀತಾರೆ ಅಂತ ನನಗೆ ಯಾವಾಗಲೂ ಒಂದು ಸಿಟ್ಟು ಉಂಟು.

ಪಾಸ್‌ಪೋರ್ಟ್ ಬೇಡ. 1950ರ ಒಪ್ಪಂದದಿಂದಾಗಿ ನಮ್ಮವರು ಅಲ್ಲಿಗೆ, ಅವರು ಇಲ್ಲಿಗೆ ಹಾಗೇ ಬಂದು ಹೋಗಬಹುದು, ನಮ್ಮ ಹತ್ತಿರ ಇದ್ದದ್ದು ಹೆಡ್‌ಮಾಷ್ಟ್ರು ಫೋಟೋದ ಮೇಲೆ ಸೀಲು ಹಾಕಿದ ಕಾಗದ. ಕಾಸರಗೋಡಿಂದ ಮಂಗಳಾ ಎಕ್ಸ್‌ಪ್ರೆಸ್ ಹತ್ತಿದ್ದು, ಕೊಂಕಣ ರೈಲು ಪೂರ್ತಿ ಆಗಿ ಎರಡೇ ವರ್ಷ, ಒಂದೊಂದು ಟನಲ್ ಬಂದಾಗಲೂ ಬೊಬ್ಬೆ. ದೆಹಲಿ, ಅಲ್ಲಿಂದ ಗೋರಖ್‌ಪುರ, ಮತ್ತೆ ಬಸ್ಸಲ್ಲಿ ಗಡಿಯ ಊರು ಸೋನೌಲಿ. ಅವಲಕ್ಕಿ, ಬೆಲ್ಲ, ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ, ಪ್ರತಿಯೊಬ್ಬನ ಬ್ಯಾಗಲ್ಲೂ ಒಂದು ಸೇರು ಕುಚ್ಚಲಕ್ಕಿ. ಕುಚ್ಚಲಕ್ಕಿ ಯಾಕೆ ಅಂತ ಮುಂದೆ ಹೇಳ್ತೇನೆ.

ಸೋನೌಲಿಯಲ್ಲಿ ಗೇಟಿನ ಈಚೆ ನಮ್ಮನ್ನು ನಿಲ್ಲಿಸಿ ಮಾಷ್ಟ್ರು ಒಂದು ಲೆಕ್ಕ ಕೊಟ್ರು. ನಮ್ಮ ದೇಶದ ಗಡಿಯಾರ 82.5 ಡಿಗ್ರಿ ಪೂರ್ವ ರೇಖಾಂಶದ್ದು, ನೇಪಾಳದ್ದು ಗೌರಿಶಂಕರ ಪರ್ವತದ ಮೇಲೆ ಹಾದುಹೋಗುವ 86.25 ಡಿಗ್ರಿಯದ್ದು, ಒಂದು ಡಿಗ್ರಿಗೆ ನಾಲ್ಕು ನಿಮಿಷ, ಹಾಗಾದ್ರೆ ಎಷ್ಟು ಮುಂದೆ ಇಡ್ಬೇಕು? ಉತ್ತರ ಹೇಳದೆ ಯಾರೂ ಗೇಟು ದಾಟುವ ಹಾಗಿಲ್ಲ. ರಿಕ್ಷಾದವರು, ಪೊಲೀಸರು ಎಲ್ಲ ನೋಡ್ತಾ ಇದ್ದಾರೆ, ನಾವು ರಸ್ತೆ ಬದಿ ಕೂತು ಗುಣಾಕಾರ ಮಾಡ್ತಾ ಇದ್ದೇವೆ. 15 ನಿಮಿಷ! ವಾಚ್ ಇದ್ದವರು ತಿರುಗಿಸಿದ್ರು, ನಡೆದು ದಾಟಿದೆವು. ಆಚೆ ಹೋಗಿ ನೂರು ರೂಪಾಯಿಗೆ ನೂರ ಅರವತ್ತು ನೇಪಾಳಿ ರೂಪಾಯಿ ಸಿಕ್ಕಿದಾಗ ನಮ್ಮ ಖಜಾಂಚಿ ಹುಡುಗಿಗೆ ತಾನು ಶ್ರೀಮಂತೆ ಆದೆ ಅನ್ನುವ ಭ್ರಮೆ, ಚಾಯದ ರೇಟು ಕೇಳಿದ ಮೇಲೆ ಇಳೀತು.

ಲುಂಬಿನಿಯಲ್ಲಿ ಅಶೋಕನ ಕಂಬ. ಬುದ್ಧ ಹುಟ್ಟಿದ ಊರು ಅಂತ ತೆರಿಗೆ ಕಮ್ಮಿ ಮಾಡಿದ್ದೇನೆ, ಎಂಟನೇ ಒಂದು ಭಾಗ ಕೊಟ್ರೆ ಸಾಕು ಅಂತ ರಾಜ ಕೆತ್ತಿಸಿದ ಕಲ್ಲು. ರಾಯಚೂರಿನ ಮಸ್ಕಿಯಲ್ಲಿ ಸಿಕ್ಕಿದ್ದೂ ಇದೇ ಅಶೋಕನ ಶಾಸನ, ಅದೂ ಇದೂ ಒಂದೇ ಬ್ರಾಹ್ಮಿ ಲಿಪಿ ಅಂತ ಹೇಳಿ ಮಾಷ್ಟ್ರು ಮಸ್ಕಿಯ ಅಕ್ಷರಗಳ ಒಂದು ಜೆರಾಕ್ಸ್ ಕೊಟ್ರು, ನಾವು ಕಂಬದ ಮೇಲೆ ಅದೇ ಅಕ್ಷರ ಹುಡುಕಿದೆವು. 'ಕ' ಕೂಡಿಸುವ ಚಿಹ್ನೆ ಹಾಗೆ ಉಂಟು ಅಂತ ಬೊಬ್ಬೆ ಹೊಡೀತಿದ್ದ ನಮ್ಮನ್ನ ನೋಡಿ ಅಲ್ಲಿದ್ದ ಒಬ್ಬ ಭಿಕ್ಷು ನಗ್ತಾ ಇದ್ರು.

ಪೋಖರಾದಿಂದ ನಯಾಪುಲ್, ಅಲ್ಲಿಂದ ಕಾಲು. ಉಲ್ಲೇರಿಗೆ ಹತ್ತುವ ಕಲ್ಲಿನ ಮೆಟ್ಟಲು ಮೂರು ಸಾವಿರಕ್ಕೂ ಹೆಚ್ಚು. ಗುಂಪೆ ಹತ್ತುವಾಗ ಬ್ಯಾಗಲ್ಲಿ ಮರಳು ತುಂಬಿಸಿ ಹೊರಿಸಿದ್ದು ಯಾಕೆ ಅಂತ ಅವತ್ತು ಗೊತ್ತಾಯ್ತು. ಮಾಷ್ಟ್ರು ಎಲ್ಲರಿಗಿಂತ ಹಿಂದೆ ನಡೀತಿದ್ರು, ಯಾವಾಗಲೂ ಹಿಂದೆ, ಮುಂದೆ ಹೋಗುವವ ಆವತ್ತಿನ ಲೀಡರ್, ದಿನಕ್ಕೊಬ್ಬ. ದಾರಿ ತಪ್ಪಿದ್ರೆ ಅವನೇ ಸರಿ ಮಾಡ್ಬೇಕು. ಎಪ್ರಿಲಲ್ಲಿ ಕಾಡು ಪೂರ್ತಿ ಲಾಲಿಗುರಾಸ್ ಹೂ ಕೆಂಪು ಕೆಂಪು. ಪ್ರತಿ ಹಂತದಲ್ಲೂ ಥರ್ಮಾಮೀಟರ್ ನೋಡಿ ಬರೀಬೇಕು, ಸಾವಿರ ಮೀಟರ್ ಹತ್ತಿದ್ರೆ ಸುಮಾರು 6.5 ಡಿಗ್ರಿ ಇಳೀತದೆ ಅಂತ ಪುಸ್ತಕ ಹೇಳ್ತದೆ, ಹೌದಾ ಅಲ್ವಾ ನೀವೇ ನೋಡಿ ಅಂತ.

ಘೋರೇಪಾನಿ 2,860 ಮೀಟರ್. ಅಲ್ಲಿ ಲಾಡ್ಜಿನ ದಿದಿಯ ಅಡುಗೆಮನೆಯಲ್ಲಿ ಮಾಷ್ಟ್ರು ಕುಚ್ಚಲಕ್ಕಿ ಹೊರಗೆ ತೆಗೆಸಿದ್ರು. ಇವತ್ತು ಊರಿನ ಗಂಜಿ! ನಮಗೆ ಸ್ವರ್ಗ. ನೀರು ಕೊತಕೊತ ಕುದೀತದೆ, ಒಂದು ಗಂಟೆ ಆಯ್ತು, ಅಕ್ಕಿ ಕಲ್ಲು. ಎರಡು ಗಂಟೆ, ಇನ್ನೂ ಗಟ್ಟಿ. ದಿದಿ ಸೀಮೆಎಣ್ಣೆ ಮುಗೀತದೆ ಅಂತ ಗೊಣಗ್ತಾ ಇದ್ದಾರೆ. ಹಸಿವೆಯಲ್ಲಿ ಒಬ್ಬ ಅಳ್ಲಿಕ್ಕೇ ಶುರು ಮಾಡಿದ. ಆಗ ಮಾಷ್ಟ್ರು ಥರ್ಮಾಮೀಟರನ್ನ ಕುದಿಯುವ ನೀರಿಗೆ ಇಳಿಸಿ ನಮ್ಮ ಕೈಲಿ ಓದಿಸಿದ್ರು, 90ರ ಹತ್ತಿರ! ಕುದಿಯುವ ನೀರು 100 ಅಂತ ಬರೆದು ಎಷ್ಟು ಸಲ ಮಾರ್ಕು ತಗೊಂಡಿದ್ದೇವೆ. ಮೇಲೆ ಹೋದ ಹಾಗೆ ಗಾಳಿಯ ಒತ್ತಡ ಕಮ್ಮಿ, ನೀರು ಬೇಗ ಕುದೀತದೆ ಆದ್ರೆ ಅಷ್ಟು ಬಿಸಿ ಆಗುದಿಲ್ಲ, ಹಾಗಾಗಿ ಬೇಯುದಿಲ್ಲ. ಇಷ್ಟು ಹೇಳ್ಲಿಕ್ಕೆ ಅವರು ನಮ್ಮ ಬೆನ್ನಲ್ಲಿ ಕಾಸರಗೋಡಿಂದ ಅಕ್ಕಿ ಹೊರಿಸಿಕೊಂಡು ಬಂದದ್ದು. ಕೋಪ ಬಂದಿತ್ತು, ಹೌದು. ಕಡೆಗೆ ದಿದಿ ದಾಲ್ ಭಾತ್ ಮಾಡಿ ಹಾಕಿದ್ರು, ಅವರಿಗೆ ಇದು ಮೊದಲೇ ಗೊತ್ತಿತ್ತಂತೆ, ಮಾಷ್ಟ್ರು ಹೇಳ್ಬೇಡಿ ಅಂದಿದ್ರಂತೆ.

ಮರುದಿನ ಬೆಳಿಗ್ಗೆ ಪೂನ್ ಹಿಲ್, 3,210 ಮೀಟರ್, ಧವಳಗಿರಿ, ಅನ್ನಪೂರ್ಣ, ಮಚ್ಛಪುಛ್ರೆ ಎಲ್ಲ ಸಾಲಾಗಿ. ಅದರ ಫೋಟೋ ಗೂಗಲಲ್ಲಿ ಸಾವಿರ ಉಂಟು, ನೋಡ್ಕೊಳ್ಳಿ.

ನನಗೆ ಹೇಳ್ಬೇಕಾದ್ದು ತಾತೋಪಾನಿಯ ವಿಷಯ. ಘೋರೇಪಾನಿಯಿಂದ ಪೂರ್ತಿ ಒಂದು ದಿನ ಇಳಿದ್ರೆ ಕಾಳಿಗಂಡಕಿ ಹೊಳೆ, ಬದಿಯಲ್ಲಿ ಬಿಸಿನೀರಿನ ಬುಗ್ಗೆ. ನನ್ನ ಅಜ್ಜಿ ಹೊರಡುವಾಗ ಹೇಳಿ ಕಳಿಸಿದ್ರು, "ಗಂಡಕಿಯಲ್ಲಿ ಸಾಲಿಗ್ರಾಮ ಸಿಕ್ತದೆ ಮಗಾ, ಆದ್ರೆ ನೀನು ಮುಟ್ಬೇಡ, ಹೆಣ್ಣುಮಕ್ಕಳು ಮುಟ್ಲಿಕ್ಕಿಲ್ಲ, ಮಾಷ್ಟ್ರ ಕೈಲಿ ಹೇಳು." ನಾನು ಹೇಳಿದೆ. ಮಾಷ್ಟ್ರು ದಾರಿ ಬದಿಯಲ್ಲಿ ಮಾರ್ತಿದ್ದ ಒಬ್ಬ ಹೆಂಗಸಿನ ಹತ್ತಿರ ಕೇಳಿ ಒಂದು ಕರೀ ಕಲ್ಲು ತಗೊಂಡು, ಒಡೆದ ಕಡೆ ಮೇಲೆ ಮಾಡಿ, ಸೀದಾ ನನ್ನ ಅಂಗೈಯಲ್ಲಿ ಇಟ್ರು. ಒಳಗೆ ಸುರುಳಿ, ಏಣು ಏಣು. "ಇದು ಯಾವುದರ ಚಿಪ್ಪು ಅಂತ ಹೇಳು, ನೀನು ಕಡಪ್ಪುರದವಳಲ್ವಾ, ಕಡಲ ಬದಿಯವಳು." ಸಮುದ್ರದ ಪ್ರಾಣಿ! ಅಮೋನೈಟ್ ಅಂತ ಹೆಸರು, ಹದಿನೈದು ಕೋಟಿ ವರ್ಷದ ಹಿಂದಿನದ್ದು. ಟೆಥಿಸ್ ಅಂತ ಸಮುದ್ರ ಇತ್ತು ಇಲ್ಲಿ, ನಮ್ಮ ಭೂಭಾಗ ತೆಂಕಿನಿಂದ ಬಂದು ಏಷ್ಯಾಕ್ಕೆ ಗುದ್ದಿ ಸುಮಾರು ಐದು ಕೋಟಿ ವರ್ಷ, ಸಮುದ್ರದ ತಳವೇ ಮೇಲೆ ಎದ್ದು ನೀವು ನಿನ್ನೆ ನೋಡಿದ ಬೆಟ್ಟ ಆದದ್ದು. ಮತ್ತೆ ಕೇಳಿದ್ರು, ಒಂದು ಕಡೆ 8,167 ಮೀಟರಿನ ಧವಳಗಿರಿ, ಇನ್ನೊಂದು ಕಡೆ 8,091ರ ಅನ್ನಪೂರ್ಣ, ಈ ಹೊಳೆ ಅವೆರಡರ ನಡುವೆ ಹೇಗೆ ನುಗ್ಗಿತು? ಯಾರಿಗೂ ಗೊತ್ತಿಲ್ಲ. ಹೊಳೆ ಮೊದಲೇ ಇತ್ತು, ಬೆಟ್ಟ ಆಮೇಲೆ ಎದ್ದದ್ದು, ಎದ್ದ ಹಾಗೆ ಹೊಳೆ ಕೊರೀತಾ ಹೋದದ್ದು. ನಮ್ಮ ಮನೆ ದೇವರಕೋಣೆಯಲ್ಲಿ ನಾನು ದೂರದಿಂದ ಮಾತ್ರ ನೋಡಿದ ಕಲ್ಲನ್ನ ಕೈಯಲ್ಲಿ ಹಿಡ್ಕೊಂಡು ನಿಂತಿದ್ದೆ, ಭಕ್ತಿ ಏನೂ ಕಮ್ಮಿ ಆಗ್ಲಿಲ್ಲ ನನಗೆ, ಹೆಚ್ಚೇ ಆಯ್ತು. ಕಲ್ಲನ್ನು ವಾಪಸ್ ಕೊಡ್ಸಿದ್ರು, ಹೊಳೆಯದ್ದು ಹೊಳೆಯ ಬದಿಯಲ್ಲೇ ಇರ್ಲಿ ಅಂತ. ಅಜ್ಜಿಗೆ ಮುಟ್ಟಿದ ವಿಷಯ ಹೇಳಿದೆ, ಎರಡು ದಿನ ಮಾತು ಬಿಟ್ರು, ಮೂರನೇ ದಿನ "ಅದು ನಿಜವಾಗ್ಲೂ ಸಮುದ್ರದ್ದಾ?" ಅಂತ ಕೇಳಿದ್ರು.

ಕಾಠ್ಮಂಡುವಿನ ಪಶುಪತಿನಾಥ. ಅಲ್ಲಿ ಪೂಜೆ ಮಾಡುವ ಭಟ್ಟರು ಕರ್ನಾಟಕದ ಕಡೆಯಿಂದ ಹೋದವರು ಅಂತ ಮೊದಲೇ ಹೇಳಿದ್ದರಿಂದ ಎಲ್ಲರಿಗೂ ಆಸೆ. ಆದ್ರೆ ಒಳಗೆ ಹಿಂದೂಗಳಿಗೆ ಮಾತ್ರ ಪ್ರವೇಶ, ನಮ್ಮೊಟ್ಟಿಗೆ ಬ್ಯಾರಿ ಹುಡುಗರಿದ್ರು, ಒಬ್ಬಳು ಕ್ರಿಶ್ಚಿಯನ್. ಮಾಷ್ಟ್ರು ದಿನಾ ಬೆಳಿಗ್ಗೆ ಆ ಚಳಿಯಲ್ಲೂ ಮಿಂದು ಜಪ ಮಾಡುವ ಮನುಷ್ಯ. ಹೋಗುವವರು ಟೀಚರೊಟ್ಟಿಗೆ ಹೋಗಿ ಬನ್ನಿ ಅಂತ ಹೇಳಿ ತಾನು ಉಳಿದವರೊಟ್ಟಿಗೆ ಬಾಗ್ಮತಿಯ ಆಚೆ ದಡದ ಮೆಟ್ಟಲಲ್ಲಿ ಕೂತ್ರು. ಭಾಷಣ ಇಲ್ಲ, ಕಾರಣ ಹೇಳ್ಲಿಲ್ಲ. ನಾನು ಒಳಗೆ ಹೋದೆ, ಈಗಲೂ ಹೋಗ್ತಿದ್ದೆ. ಅಷ್ಟು ದೂರ ಹೋಗಿ ಮಾಷ್ಟ್ರು ದರ್ಶನ ಮಾಡದೆ ಬಂದ್ರು ಅಂತ ಊರಲ್ಲಿ ಕೆಲವರು ತಿಂಗಳುಗಟ್ಟಲೆ ಮಾತಾಡಿದ್ರು, ಇನ್ನು ಕೆಲವರು ಅದನ್ನೇ ಹಿಡ್ಕೊಂಡು ಅವರನ್ನ ಮಹಾತ್ಮ ಮಾಡ್ಲಿಕ್ಕೆ ಹೊರಟ್ರು. ಎರಡಕ್ಕೂ ಅವರು ತಲೆ ಹಾಕ್ಲಿಲ್ಲ.

ಊರಿಗೆ ಬಂದ ಮೇಲೆ ಇನ್ನೊಂದು ಮೀಟಿಂಗ್. ಲೆಕ್ಕ ಓದುದು. ನಮ್ಮ ಖಜಾಂಚಿ ಹುಡುಗಿ ಅಪ್ಪ ಅಮ್ಮಂದಿರ ಎದುರು ನಿಂತು ಚಾಯ, ಬಿಸ್ಕೆಟ್, ಒಬ್ಬನ ಹರಿದ ಚಪ್ಪಲಿ ಹೊಲಿಸಿದ್ದು, ಊರಿನ ಅಂಗಡಿಗೆ ಪೋಖರಾದಿಂದ ಮಾಡಿದ ಫೋನ್ ಕಾಲ್, ಎಲ್ಲ ಓದಿದಳು, ಉಳಿದ ದುಡ್ಡು ಪಾಲು ಮಾಡಿ ವಾಪಸ್. ಈಗಿನ ಟೂರಲ್ಲಿ ಯಾರಾದ್ರೂ ಲೆಕ್ಕ ಓದಿದ್ದು ಕೇಳಿದ್ದೀರಾ?

ಆಮೇಲಿನ ಬ್ಯಾಚುಗಳು ಭೂತಾನಕ್ಕೆ ಹೋದವು, 2009ರಲ್ಲಿ ಲಂಕೆಯ ಯುದ್ಧ ಮುಗಿದ ಮೇಲೆ ಒಂದು ಬ್ಯಾಚು ಶ್ರೀಪಾದ ಬೆಟ್ಟಕ್ಕೂ ಹೋಯ್ತು. ಅಲ್ಲಿ ತುದಿಯ ಹೆಜ್ಜೆ ಗುರುತನ್ನ ಬೌದ್ಧರು ಬುದ್ಧನದ್ದು, ಹಿಂದೂಗಳು ಶಿವನದ್ದು, ಮುಸ್ಲಿಮರು ಆದಮನದ್ದು ಅಂತ ನಂಬುದು, ಬಾಗಿಲಲ್ಲಿ ಯಾರೂ ತಡೆಯುದಿಲ್ಲ. ಆ ಜಾಗ ಅವರು ಯಾಕೆ ಆರಿಸಿದ್ರು ಅಂತ ನನಗೆ ಅಂದಾಜಿ ಉಂಟು.

ಅವರು ದೇವರು ಅಂತ ನಾನು ಹೇಳುದಿಲ್ಲ. ಇನ್ಶೂರೆನ್ಸ್ ಇರ್ಲಿಲ್ಲ, ಡಾಕ್ಟರ್ ಇರ್ಲಿಲ್ಲ, ಮೇಲೆ ಯಾರಿಗಾದ್ರೂ ಗಂಭೀರ ಆಗಿದ್ರೆ ಎರಡು ದಿನ ಹೊತ್ತುಕೊಂಡು ಇಳೀಬೇಕಿತ್ತು. ಇವತ್ತು ಹಾಗೆ ಮಾಡಿದ್ರೆ ಕೇಸ್ ಆಗ್ತದೆ, ಆಗ್ಬೇಕು ಕೂಡ. ಅಡಿಕೆ ಹೆಕ್ಕಿದ್ರೂ, ಗೇರುಬೀಜ ಮಾರಿದ್ರೂ ದುಡ್ಡು ಸಾಲದೆ ಉಳಿದವರೂ ಇದ್ರು, ಆ ಸಂಕಟಕ್ಕೆ ಮಾಷ್ಟ್ರ ಹತ್ತಿರವೂ ಮದ್ದಿರ್ಲಿಲ್ಲ. ಆದ್ರೆ ಸುರಕ್ಷತೆ ಅಂತ ಹೇಳಿ ಮಕ್ಕಳನ್ನ ಎಸಿ ಬಸ್ಸಿಂದ ಶಾಪಿಂಗ್ ಮಾಲಿಗೆ, ಮಾಲಿಂದ ಹೋಟೆಲಿಗೆ ಸಾಗಿಸುದನ್ನ ಕಲಿಕೆ ಅಂತ ಕರೀಬೇಡಿ. ಹೋಗುವ ಮೊದಲು ಆ ಮಕ್ಕಳಿಗೆ ಎಂತ ಕಲಿಸಿದ್ರಿ, ಬಂದ ಮೇಲೆ ಎಂತ ಕೇಳಿದ್ರಿ, ಇಷ್ಟೇ ನನ್ನ ಪ್ರಶ್ನೆ. ಅದಕ್ಕೆ ಉತ್ತರ ಇದ್ರೆ ಸಿಂಗಾಪುರವೂ ಆಗ್ತದೆ, ಪಕ್ಕದ ಶಿರಿಯಾ ಹೊಳೆಯೂ ಆಗ್ತದೆ. (ಕನ್ನಡವೇ ಬಾರದವರು ಕನ್ನಡ ಮೀಡಿಯಂ ಮಕ್ಕಳಿಗೆ ಪಾಠ ಮಾಡ್ಲಿಕ್ಕೆ ಬರುವ ಕಾಲದಲ್ಲಿ ಇದೆಲ್ಲ ಯಾರ ಹತ್ತಿರ ಕೇಳುದು ಅಂತ ನೀವು ಹೇಳಬಹುದು. ಅದು ಬೇರೆಯೇ ಪೋಸ್ಟು, ಬರೀತೇನೆ.)

ಮಾಷ್ಟ್ರು ರಿಟೈರ್ ಆಗಿ ತೋಟ ನೋಡ್ಕೊಂಡು ಇದ್ದಾರೆ, ಮೊಣಗಂಟು ನೋವು ಬಿಟ್ರೆ ಗಟ್ಟಿ. ಹಳೆ ಮಕ್ಕಳೆಲ್ಲ ಸೇರಿ ಸನ್ಮಾನ ಮಾಡುವ ಅಂತ ಕೇಳ್ಲಿಕ್ಕೆ ಹೋದ್ರೆ ಶಾಲು, ಹಣ್ಣಿನ ತಟ್ಟೆ ಎಂತದ್ದೂ ಬೇಡ ಅಂದ್ರು. ಬದಲಿಗೆ ಈಗ ಶಾಲೆಯಲ್ಲಿರುವ ಎಂಟನೇ ಕ್ಲಾಸಿನವರನ್ನ ರಾಣಿಪುರಂ ಹತ್ತಿಸ್ಬೇಕಂತೆ, ನಮ್ಮ ಜಿಲ್ಲೆಯಲ್ಲೇ ಸಾವಿರ ಮೀಟರ್ ದಾಟುವ ಬೆಟ್ಟ, ಕೆಳಗೆ ಮೇಲೆ ಎರಡು ಕಡೆ ನೀರು ಕುದಿಸಿ ನೋಡ್ಲಿಕ್ಕೆ ಅಷ್ಟು ಎತ್ತರ ಸಾಕು ಅಂತ ಲೆಕ್ಕ ಹಾಕಿ ಇಟ್ಟಿದ್ದಾರೆ. ಅರಣ್ಯ ಇಲಾಖೆಯ ಟಿಕೆಟು, ಬಸ್ಸಿನ ಬಾಡಿಗೆ, ಎರಡು ಒಳ್ಳೆ ಥರ್ಮಾಮೀಟರ್, ಇಷ್ಟು ಆಗ್ಬೇಕು. ಈ ಸಲ ಇನ್ಶೂರೆನ್ಸ್ ಕೂಡ ಮಾಡಿಸುದು, ಅದು ನನ್ನ ಹಟ. ಕೊಡುವ ಮನಸ್ಸಿದ್ದವರು ಇನ್‌ಬಾಕ್ಸಿಗೆ ಬನ್ನಿ, ಒಟ್ಟಿಗೆ ದೊಡ್ಡ ಮೊತ್ತ ತಗೊಳ್ಳುದಿಲ್ಲ, ಕಾನೂನು ಹಳೆಯದ್ದೇ. ಮಕ್ಕಳು ಲೆಕ್ಕ ಓದುವ ದಿನ ಎಲ್ಲರೂ ಬರ್ಬೇಕು. ಹಾರ ತುರಾಯಿ ತರುವವರಿದ್ರೆ ಈಗಲೇ ಹೇಳ್ತೇನೆ, ಮಾಷ್ಟ್ರು ಅದನ್ನ ನಿಮ್ಮ ಬ್ಯಾಗಿಗೇ ತುಂಬಿಸಿ ಗುಡ್ಡೆ ಹತ್ತಿಸ್ತಾರೆ.